ಸುಳ್ಳು ಗುಂಡಿಯ ಅಂಗಿ

ಟೈಲರ್ ಮಾಸ್ಟರಿಗೆ ಲಕ್ವ ಹೊಡೆದದ್ದು ವಕೀಲರ ಕರಿಕೋಟಿನ ಬಲತೋಳನ್ನು ಕತ್ತರಿಸಲು ಹೊರಟಾಗ. ಬೆನ್ನು, ಎದೆಯ ಎರಡು ಭಾಗ, ಎಡತೋಳು ಎಲ್ಲ ಕತ್ತರಿಸಿ ಪಕ್ಕಕ್ಕಿಟ್ಟಾಗಿತ್ತು. ಬಲತೋಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ದೊಡ್ಡ ಕತ್ತರಿಯನ್ನು ಕೈಗೆತ್ತಿಕೊಂಡರು. ಕತ್ತರಿ ಜಾರಿ ನೆಲಕ್ಕೆ ಬಿತ್ತು. ಅದರ ಹಿಂದೆಯೇ ಮಾಸ್ಟರೂ ಬಿದ್ದರು.

ಬದುಕಿ ಬಂದರು, ಅದೇ ದೊಡ್ಡದು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ತೊದಲುತ್ತಿದ್ದ ನಾಲಿಗೆ ನೆಟ್ಟಗಾಗಿತ್ತು. ಬಲಗಾಲನ್ನು ಎಳೆದುಕೊಂಡಾದರೂ ಕೋಲೂರಿ ನಡೆಯುತ್ತಿದ್ದರು. ಬಲಗೈ ಮಾತ್ರ ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಷ್ಟೇ ಅವರ ಸಾಮ್ರಾಜ್ಯ. ಮಾಸ್ಟರು ಬಟ್ಟೆ ಕತ್ತರಿಸುವವರು, ಹೆಂಡತಿ ಮಿಷನ್ನಿನಲ್ಲಿ ಹೊಲಿಯುವವಳು, ಮಾಸ್ಟರ ತಂಗಿ ಗುಂಡಿ ತೂರುವ ಕಾಜ ಹೊಲಿದು ಗುಂಡಿ ಹಚ್ಚುವವಳು. ತಂಗಿ ಹೊತ್ತುಗೊತ್ತಿಲ್ಲದೆ "ಅತ್ತಿಗೆ, ಅತ್ತಿಗೆ" ಎಂದು ಕೂಗಿ ಕೂಗಿ ಮಾಸ್ಟರ ಹೆಂಡತಿ ಇಡೀ ಬೀದಿಗೇ ಅತ್ತಿಗೆಯಾಗಿದ್ದಳು. ಅಂಚೆಯವನೂ ಅತ್ತಿಗೆ ಎನ್ನುತ್ತಿದ್ದ, ಅವನಪ್ಪನೂ ಅತ್ತಿಗೆ ಎನ್ನುತ್ತಿದ್ದ. ನಾದಿನಿಗೆ ಮದುವೆಯಾಗಿರಲಿಲ್ಲ. ಏಕೆಂದು ಕೇಳಿದವರಿಗೆ, "ನನ್ನ ಬಾಯಿಗೆ ಗುಂಡಿ ಹಚ್ಚೋ ಗಂಡು ಸಿಗಲಿಲ್ಲ" ಎಂದು ಅವಳೇ ಹೇಳಿ ನಗುತ್ತಿದ್ದಳು.

ಅತ್ತಿಗೆಗೂ ಕತ್ತರಿ ಹಿಡಿಯಲು ಬರುತ್ತಿತ್ತು. ಪೈಜಾಮ, ದಿಂಬಿನ ಚೀಲ, ಮಕ್ಕಳ ಚಡ್ಡಿ ಎಂದರೆ ಕಣ್ಣುಮುಚ್ಚಿ ಕತ್ತರಿಸುತ್ತಿದ್ದಳು. ಆದರೆ ವಕೀಲರ ಕೋಟನ್ನು ಅವಳು ಮುಟ್ಟುವಂತಿರಲಿಲ್ಲ. ಒಬ್ಬ ಕತ್ತರಿ ಹಾಕಿದ ಬಟ್ಟೆಗೆ ಇನ್ನೊಬ್ಬ ಕತ್ತರಿ ಹಾಕಬಾರದು ಎಂಬುದು ಮಾಸ್ಟರ ಕಟ್ಟಳೆ. ಇಬ್ಬರ ಕೈ ಬಿದ್ದ ಕೋಟು ಒಂದು ಹೆಗಲಿಗೆ ಒಂದು ಥರ, ಇನ್ನೊಂದು ಹೆಗಲಿಗೆ ಇನ್ನೊಂದು ಥರ ಕೂರುತ್ತದಂತೆ. ಇನ್ನೊಂದು ಕಟ್ಟಳೆಯೂ ಇತ್ತು. ಎಂಥ ಸೆಕೆಯಿದ್ದರೂ ಗಿರಾಕಿ ಬರುವಾಗ ಮಾಸ್ಟರ ಅಂಗಿಯ ಕತ್ತಿನ ಗುಂಡಿ ಹಾಕಿರಲೇಬೇಕು. "ನನ್ನ ಕತ್ತೇ ಬಿಚ್ಕೊಂಡಿದ್ರೆ ಗಿರಾಕಿ ಕತ್ತಿನ ಅಳತೆ ತಗೊಳ್ಳೋಕೆ ನನಗೇನು ಯೋಗ್ಯತೆ?" ಎನ್ನುತ್ತಿದ್ದರು.

ಹಾಗಾಗಿ ಅರ್ಧ ಕತ್ತರಿಸಿದ ಕೋಟು ಮೇಜಿನ ಒಂದು ತುದಿಯಲ್ಲಿ ಹಳೇ ದುಪ್ಪಟಿ ಹೊದ್ದುಕೊಂಡು ಮಲಗಿತು. ವಕೀಲರು ಒಳ್ಳೆಯವರು. "ನನಗೇನು ಆತುರ? ನನ್ನ ಕೇಸುಗಳೇ ಮುಗಿಯೋದಿಲ್ಲ, ಇನ್ನು ಕೋಟಿನದೇನು" ಎಂದು ಹೇಳಿ ಹೋದರು.

ಆಸ್ಪತ್ರೆಯವರು ಕೈಗೆ ವ್ಯಾಯಾಮ ಮಾಡಿಸಲು ಒಬ್ಬಳನ್ನು ಮನೆಗೇ ಕಳಿಸತೊಡಗಿದರು. ಫಿಸಿಯೋಥೆರಪಿಸ್ಟ್ ಎಂಬ ಉದ್ದನೆಯ ಪದ ನಾದಿನಿಯ ನಾಲಿಗೆಯ ಮೇಲೆ ನಿಲ್ಲದೆ ಎರಡೇ ದಿನದಲ್ಲಿ ಅವಳು ಕೈಡಾಕ್ಟರಮ್ಮ ಆದಳು. ಗಟ್ಟಿ ಮೈಕಟ್ಟಿನ ಹೆಣ್ಣು, ಗಟ್ಟಿ ದನಿ, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕೆಲಸ ಶುರುವಾಗಿರುತ್ತಿತ್ತು. ಅವಳ ಚೀಲದಲ್ಲಿ ಮಾತ್ರೆ ಇಲ್ಲ, ಸೂಜಿ ಇಲ್ಲ. ಒಂದು ಮೆತ್ತನೆಯ ಚೆಂಡು, ಒಂದು ರಬ್ಬರ್ ಪಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಅತ್ತಿಗೆಗೆ ಮೊದಲ ದಿನವೇ ನಂಬಿಕೆ ಹಾರಿಹೋಯಿತು. "ಇದೇನ್ರೀ, ಔಷಧ ಕೊಡ್ತಾರೆ ಅಂದ್ರೆ ಆಟದ ಸಾಮಾನು ತಂದಿದ್ದಾಳೆ" ಎಂದು ಪರದೆಯ ಹಿಂದೆ ಗೊಣಗಿದಳು.

ಆದರೂ ಹೇಳಿದ್ದನ್ನು ಅತ್ತಿಗೆ ಚಾಚೂ ತಪ್ಪದೆ ಮಾಡಿದಳು. ಅವಳು ಯಾವತ್ತೂ ಅಡ್ಡಾದಿಡ್ಡಿ ಹೊಲಿಗೆ ಹಾಕಿದವಳಲ್ಲ. ಬೆಳಿಗ್ಗೆ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಮೇಲೆ, ಕೆಳಗೆ, ಪಕ್ಕಕ್ಕೆ ಆಡಿಸುತ್ತಿದ್ದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸುತ್ತಿದ್ದಳು. ಬೆವರು ಇಳಿಯುತ್ತಿದ್ದುದು ಅವಳಿಗೆ. ಮಾಸ್ಟರು ಕಿಟಕಿಯಾಚೆ ಹೋಗುವವರ ಅಂಗಿಯ ಹೊಲಿಗೆ ನೋಡುತ್ತ ಕೂತಿರುತ್ತಿದ್ದರು.

"ಅತ್ತಿಗೆ, ಅಣ್ಣನ ಕೈಗೇನೋ ಗೊತ್ತಿಲ್ಲ, ನಿಮ್ಮ ರಟ್ಟೆ ಮಾತ್ರ ಚೆನ್ನಾಗಿ ಬಲಿತಿದೆ" ಎಂದಳು ನಾದಿನಿ.

ಅದು ತಮಾಷೆಯಾಗಿ ಕಂಡರೂ ನಿಜವೇ ಆಗಿತ್ತು. ಅತ್ತಿಗೆ ಮಾಸ್ಟರಿಗೆ ತಲೆ ಬಾಚುತ್ತಿದ್ದಳು, ತುತ್ತು ತಿನ್ನಿಸುತ್ತಿದ್ದಳು, ಬಾಯಿ ಒರೆಸುತ್ತಿದ್ದಳು. ಅವರು ನೀರಿನ ಲೋಟದ ಕಡೆ ಕಣ್ಣು ಹಾಯಿಸುವುದೇ ತಡ, ಲೋಟ ತುಟಿಗೆ ಬಂದಿರುತ್ತಿತ್ತು. ಪ್ರೀತಿಯಿಂದಲೇ ಮಾಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅತಿಯಾದರೆ ಅಮೃತವೂ ವಿಷ ಎಂಬುದು ಪ್ರೀತಿಗೆ ಅನ್ವಯಿಸುವುದಿಲ್ಲ ಎಂದುಕೊಂಡಿದ್ದಳು ಪಾಪ.

ಒಂದು ಬೆಳಿಗ್ಗೆ ಅತ್ತಿಗೆ ಒಲೆಯ ಮುಂದಿದ್ದಾಗ ಮಾಸ್ಟರು ಅಂಗಿಯನ್ನು ತಾವೇ ಹಾಕಿಕೊಳ್ಳಲು ಹೊರಟರು. ತೋಳೇನೋ ಹೇಗೋ ಹೊಕ್ಕಿತು. ಗುಂಡಿ ಮಾತ್ರ ಬಲಗೈಯ ಬೆರಳುಗಳ ನಡುವೆ ನಿಲ್ಲಲೊಲ್ಲದು. ಎಡಗೈಯಲ್ಲಿ ಎಳೆದರು, ಜಗ್ಗಿದರು, ಒಂದು ಗುಂಡಿ ಕಿತ್ತೇ ಬಂತು. ಅತ್ತಿಗೆ ಒಳಗೆ ಬಂದಾಗ ಮಾಸ್ಟರು ಮಂಚದ ಮೇಲೆ ಕೂತು, ಕಿತ್ತ ಗುಂಡಿಯನ್ನು ಎಡ ಅಂಗೈಯಲ್ಲಿಟ್ಟುಕೊಂಡು ಅಳುತ್ತಿದ್ದರು. ಬೀದಿಗೆಲ್ಲ ಅಂಗಿ ತೊಡಿಸಿದ ಮನುಷ್ಯ! ಮದುವೆಯಾದಂದಿನಿಂದ ಅತ್ತಿಗೆ ಅವರ ಕಣ್ಣಲ್ಲಿ ನೀರು ನೋಡಿರಲಿಲ್ಲ.

ಅವತ್ತು ಮಧ್ಯಾಹ್ನ ಅವಳೂ ನಾದಿನಿಯೂ ಸೇರಿ, ದರ್ಜಿ ಮನೆಯವರಿಗೆ ಬಿಟ್ಟರೆ ಬೇರೆ ಯಾರಿಗೂ ಹೊಳೆಯದ ಒಂದು ಕೆಲಸ ಮಾಡಿದರು. ಮಾಸ್ಟರ ಅಂಗಿಗಳನ್ನೆಲ್ಲ ಹೊರತೆಗೆದು ಗುಂಡಿ ಬಿಚ್ಚಿದರು. ಕಾಜಗಳನ್ನು ಮುಚ್ಚಿ ಹೊಲಿದು, ಅದೇ ಕಾಜದ ಮೇಲೆ ಅದೇ ಗುಂಡಿಯನ್ನು ಶಾಶ್ವತವಾಗಿ ಹಚ್ಚಿದರು. ಒಳಗಡೆ ಎರಡು ಅಂಚಿಗೂ ಒಂದಕ್ಕೊಂದು ಕಚ್ಚಿಕೊಳ್ಳುವ ವೆಲ್ಕ್ರೋ ಪಟ್ಟಿ ಹೊಲಿದರು. ಎರಡಂಚು ಒತ್ತಿದರೆ ಸಾಕು, ಅಂಗಿ ಮುಚ್ಚಿತು. ಹೊರಗಿನಿಂದ ನೋಡಿದರೆ ಎಲ್ಲ ಗುಂಡಿಯೂ ನೀಟಾಗಿ ಹಾಕಿದಂತೆ. ನಾದಿನಿಯ ಕೈಚಳಕ ಎಂಥದೆಂದರೆ, ಅಂಗಿ ಹೊಲಿಯುವವನೇ ಬಂದು ಮೂಗು ತಾಗಿಸಿ ನೋಡಿದರೂ ಗುಟ್ಟು ತಿಳಿಯುತ್ತಿರಲಿಲ್ಲ.

ಮಾಸ್ಟರು ಅಂಗಿಯನ್ನು ತಿರುಗಿಸಿ ನೋಡಿದರು. ಹೊಲಿಗೆಯ ಮೇಲೆ ಎಡಗೈಯ ಹೆಬ್ಬೆರಳು ಆಡಿಸಿದರು. ತೊಟ್ಟುಕೊಂಡರು. ಅಂಗಡಿಗೆ ಬಂದವರು, "ಓಹೋ, ಗುಂಡಿ ಹಾಕ್ಕೊಳ್ಳೋ ಹಾಗಾದ್ರಲ್ಲ ಮಾಸ್ಟ್ರೇ!" ಎಂದರೆ ಮುಗುಳ್ನಗುತ್ತಿದ್ದರು. ಆ ನಗು ನೋಡಿ ಅತ್ತಿಗೆಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಆದರೆ ಹೊರಗೆ ನಗುತ್ತಿದ್ದ ಅತ್ತಿಗೆ ಒಳಗೊಳಗೇ ಆ ಕೈಯ ಆಸೆ ಬಿಟ್ಟಿದ್ದಳು. ಪಕ್ಕದ ಬೀದಿಯ ಅಂಗಡಿಯೊಂದು ಮುಚ್ಚಿ, ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಕಟ್ಟರ್ ಕೆಲಸ ಹುಡುಕುತ್ತಿದ್ದ. ಒಳ್ಳೆಯ ಕೈ, ಒಳ್ಳೆಯ ನಡತೆ. ಅತ್ತಿಗೆ ಮಾಸ್ಟರಿಗೆ ತಿಳಿಯದಂತೆ ಅವನ ಹತ್ತಿರ ಮಾತಾಡಿದಳು. ಬರುವ ತಿಂಗಳ ಒಂದನೇ ತಾರೀಖು ಅವನು ಬಂದು ಮಾಸ್ಟರ ಮೇಜಿನ ಮುಂದೆ ನಿಲ್ಲುವುದೆಂದು ಆಯಿತು. ಆಮೇಲೆ ಮಾಸ್ಟರು ತಮ್ಮ ಅಂಗಡಿಯಲ್ಲೇ ನೆಂಟರಂತೆ ಕೂರಬೇಕಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾತು ಕೊಟ್ಟು ಬಂದಳು. ವಿಷಯ ತಿಳಿದವಳು ನಾದಿನಿ ಒಬ್ಬಳೇ.

ಮುಂದಿನ ಸಲ ಕೈಡಾಕ್ಟರಮ್ಮ ಬಂದಾಗ ಮಾಸ್ಟರು ನೀಟಾಗಿ ಕೂತಿದ್ದರು. ಅವಳು ಅಂಗಿ ನೋಡಿದಳು, ಮುಖ ಅರಳಿತು.

"ಗುಂಡಿ ಯಾರು ಹಾಕಿದ್ದು?"

"ಅವರೇ ಹಾಕ್ಕೊಂಡಿದ್ದು" ಎಂದಳು ಅತ್ತಿಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಮಾಸ್ಟರ ಎಡಗೈ ತನ್ನಷ್ಟಕ್ಕೆ ತಾನೇ ಎದೆಯ ಮೇಲೆ ಹೋಯಿತು.

"ಭೇಷ್ ಮಾಸ್ಟ್ರೇ! ನಾನೇ ಇಷ್ಟು ಬೇಗ ಅಂದ್ಕೊಂಡಿರ್ಲಿಲ್ಲ. ಎಲ್ಲಿ, ಭುಜ ನೋಡೋಣ" ಎಂದು ಅವಳು ಅಂಗಿಯನ್ನು ಹೆಗಲ ಮೇಲಿಂದ ಸ್ವಲ್ಪ ಸರಿಸಿದಳು.

ಚರ್ರ್ ಎಂದಿತು. ಮೇಲಿನಿಂದ ಕೆಳಗಿನವರೆಗೆ ಅಂಗಿ ಒಂದೇ ಸಲಕ್ಕೆ ಬಾಯಿ ಬಿಟ್ಟಿತು. ಗುಂಡಿಗಳೆಲ್ಲ ಇದ್ದಲ್ಲಿಯೇ ಇದ್ದವು. ಕೈಡಾಕ್ಟರಮ್ಮ ಬೆಚ್ಚಿ ಎರಡು ಹೆಜ್ಜೆ ಹಿಂದೆ ಹೋದಳು, ತಾನೇ ಹರಿದೆನೇನೋ ಎಂಬಂತೆ. ಆಮೇಲೆ ಹತ್ತಿರ ಬಂದು ಅಂಚು ತಿರುಗಿಸಿ ನೋಡಿದಳು. ನಗು ತಡೆಯಲಾಗಲಿಲ್ಲ. ನಾದಿನಿಯೂ ನಕ್ಕಳು. ಮಾಸ್ಟರು ನಗಲಿಲ್ಲ, ತಲೆ ತಗ್ಗಿಸಿದರು. ಅದನ್ನು ನೋಡಿ ಕೈಡಾಕ್ಟರಮ್ಮನ ನಗುವೂ ನಿಂತಿತು.

"ಯಾರ ಕೆಲಸ ಇದು?"

"ನಂದೇ" ಎಂದಳು ಅತ್ತಿಗೆ. "ಏನೀಗ? ಅವರು ಗುಂಡಿ ಹಿಡ್ಕೊಂಡು ಅತ್ತಿದ್ದನ್ನ ನೀವು ನೋಡಿದ್ದೀರಾ? ವಾರಕ್ಕೆರಡು ಸಲ ಬಂದು ಚೆಂಡು ಕೊಟ್ಟು ಹೋಗೋರಿಗೆ ಏನು ಗೊತ್ತಾಗುತ್ತೆ?"

"ನೋಡಿಲ್ಲ ಅಮ್ಮ. ಆದ್ರೆ ಅತ್ತಿದ್ದು ಕೇಳಿ ಸಂತೋಷ ಆಯ್ತು."

"ಸಂತೋಷಾನಾ!"

"ಹೂಂ. ಕೈ ಬೇಡ ಅಂದ್ಕೊಂಡೋರು ಗುಂಡಿಗೋಸ್ಕರ ಅಳಲ್ಲ" ಎಂದಳು ಅವಳು. ಕುರ್ಚಿ ಎಳೆದುಕೊಂಡು ಮಾಸ್ಟರ ಎದುರು ಕೂತಳು. "ದಿನಾ ವ್ಯಾಯಾಮ ಹೇಗೆ ಮಾಡ್ತೀರಾ, ಒಂದ್ಸಲ ತೋರಿಸಿ."

ಅತ್ತಿಗೆ ಅಭ್ಯಾಸದಂತೆ ಬಂದು ಗಂಡನ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿದಳು. ಕೈಡಾಕ್ಟರಮ್ಮ ಹಣೆ ಚಚ್ಚಿಕೊಂಡಳು.

"ತಪ್ಪು ನಂದೇ. ಮೊದಲ್ನೇ ದಿನವೇ ನೋಡಬೇಕಿತ್ತು. ಅಮ್ಮಾ, ಕೀಲು ಹಿಡ್ಕೊಳ್ದೆ ಇರೋಕೆ ಇದೂ ಬೇಕು, ಇಲ್ಲ ಅನ್ನಲ್ಲ. ಆದ್ರೆ ಕೈ ಎತ್ತೋದು ಬೇರೆ, ಕೈಯನ್ನ ಎತ್ತಿಸೋದು ಬೇರೆ. ಮಾಸ್ಟ್ರ ಕೈ ಕೆಟ್ಟಿಲ್ಲ. ತಲೆಯಿಂದ ಕೈಗೆ ಹೋಗೋ ದಾರಿ ಮುಚ್ಚಿದೆ. ಪಕ್ಕದಲ್ಲಿ ಇನ್ನೊಂದು ದಾರಿ ಮಾಡ್ಕೋಬೇಕು. ಕಾಲುದಾರಿ ಯಾರಾದ್ರೂ ಕಟ್ತಾರಾ? ಜನ ಓಡಾಡಿ ಓಡಾಡಿ ಆಗುತ್ತೆ. ಇಲ್ಲಿ ಓಡಾಡಬೇಕಾದೋರು ಮಾಸ್ಟ್ರು. ನೀವು ಅವರ ಬದಲು ಓಡಾಡ್ತಾ ಇದ್ದೀರ."

ಅತ್ತಿಗೆ ಹಿಡಿದ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು.

"ಮಾಸ್ಟ್ರೇ, ಈ ಬೆರಳು ಬಿಡಿಸಿ ನೋಡೋಣ. ಯಾರೂ ಮುಟ್ಟಲ್ಲ."

ಮಾಸ್ಟರು ದವಡೆ ಬಿಗಿಹಿಡಿದರು. ಕತ್ತಿನ ನರ ಉಬ್ಬಿತು. ಬಹಳ ಹೊತ್ತಿನ ಮೇಲೆ ಮಣಿಕಟ್ಟು ಒಂದಿಷ್ಟು ಮೇಲೆದ್ದಿತು, ಹೆಬ್ಬೆರಳೂ ಅದರ ಪಕ್ಕದೆರಡು ಬೆರಳೂ ಒಂದು ಗುಂಡಿ ತೂರುವಷ್ಟು ಬಿಡಿಸಿಕೊಂಡವು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ದಿನ ತಾನು ಎತ್ತುತ್ತಿದ್ದ ಕೈಯಲ್ಲಿ ಇಷ್ಟು ಜೀವ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಇಷ್ಟಿದ್ರೆ ಶುರು ಮಾಡೋಕೆ ಸಾಕು" ಎಂದಳು ಕೈಡಾಕ್ಟರಮ್ಮ. "ಇನ್ಮೇಲೆ ಎಡಗೈನ ಕಟ್ಟಿಹಾಕ್ತೀವಿ. ಅದಿದೆ ಅಂತ ತಾನೇ ಬಲಗೈ ಸೋಮಾರಿ ಆಗಿರೋದು? ಎಡಗೈಗೆ ಒಂದು ದಪ್ಪ ಗವಸು ಹೊಲೀರಿ, ಏನೂ ಹಿಡಿಯೋಕೆ ಆಗಬಾರದು. ಕೂತಿರುವಾಗ ಮಾತ್ರ ಹಾಕಿ. ನಡೆಯುವಾಗ ಕೋಲಿಗೆ ಬೇಕು, ಬಿಚ್ಚಿಬಿಡಿ. ಎಷ್ಟು ಹೊತ್ತು ಅಂತ ನಾನು ಹೇಳ್ತೀನಿ. ಅಂಗಿಗೆ ನಿಜವಾದ ಗುಂಡಿ ಹಚ್ಚಿ. ಮೊದಲು ದೊಡ್ಡದು, ಆಮೇಲೆ ಚಿಕ್ಕದು."

"ಮತ್ತೆ ನಾನೇನು ಮಾಡ್ಲಿ?" ಎಂದಳು ಅತ್ತಿಗೆ.

"ನಿಮ್ಮದೇ ಕಷ್ಟದ ವ್ಯಾಯಾಮ. ಸುಮ್ನೆ ಕೂರಬೇಕು. ಬೀಳೋ ಹಾಗಿದ್ರೆ ಹಿಡ್ಕೊಳ್ಳಿ, ಅದು ಬೇರೆ ಮಾತು. ಮಿಕ್ಕಿದ್ದಕ್ಕೆ ಅವರು ಬಾಯಿಬಿಟ್ಟು ಕೇಳೋವರೆಗೂ ಕೈ ಹಾಕ್ಬೇಡಿ. ಕೇಳಿದ್ರೆ ಧಾರಾಳವಾಗಿ ಮಾಡಿ."

ಅತ್ತಿಗೆ ಗವಸು ಹೊಲಿದಳು. ಗಂಡನ ಇದ್ದೊಂದು ಕೈಯನ್ನೂ ಕಟ್ಟಿಹಾಕುವ ಗವಸನ್ನು ತಾನೇ ಹೊಲಿಯಬೇಕಲ್ಲ ಎಂದು ಮಿಷನ್ ತುಳಿಯುತ್ತ ಕಣ್ಣೊರೆಸಿಕೊಂಡಳು. ಒಳಗೆ ಚುಚ್ಚದಿರಲೆಂದು ಕೋಟಿನ ಒಳಪದರದ ಅಸ್ತರಿಗೆ ತಂದ ರೇಷ್ಮೆಯ ತುಂಡು ಹಾಕಿದಳು. ಮಣಿಕಟ್ಟಿಗೆ ಬಿಗಿಯಲು ಅಂಗಿಯಿಂದ ಬಿಚ್ಚಿದ ವೆಲ್ಕ್ರೋ ಪಟ್ಟಿಯೇ ಬಂತು. ನಾದಿನಿ ಮುಚ್ಚಿದ ಕಾಜಗಳನ್ನೆಲ್ಲ ಬಿಚ್ಚಿ, ದೊಡ್ಡದು ಮಾಡಿ, ಕೋಟಿನ ಗುಂಡಿಗಳನ್ನು ಹಚ್ಚಿದಳು. ತಿಳಿ ಬಣ್ಣದ ಅಂಗಿಯ ಮೇಲೆ ಕಪ್ಪನೆಯ ದಪ್ಪ ಗುಂಡಿಗಳು. "ಅಣ್ಣ, ಸರ್ಕಸ್ ಕಂಪನಿಯೋರು ನೋಡಿದ್ರೆ ಬಿಡಲ್ಲ ನಿನ್ನ" ಎಂದಳು.

ಮೊದಮೊದಲು ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಬಲಗೈಯಲ್ಲಿ ಹಿಡಿದ ಚಮಚ ಬಾಯಿಗೆ ಹೋಗುವ ಬದಲು ಕಿವಿಯ ಕಡೆ ಹೊರಡುತ್ತಿತ್ತು. ಅನ್ನ ಮಡಿಲಲ್ಲಿ, ನೆಲದಲ್ಲಿ, ಒಮ್ಮೆ ನಾದಿನಿಯ ತಲೆಯ ಮೇಲೆ. ಅತ್ತಿಗೆಯ ಕೈ ತುರಿಸುತ್ತಿತ್ತು. ಎದ್ದು ಹೋಗಿ ಒರೆಸಬೇಕು, ತಿನ್ನಿಸಬೇಕು ಎನ್ನಿಸಿದಾಗಲೆಲ್ಲ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂರುತ್ತಿದ್ದಳು. ಮಾಸ್ಟರು ಅವಳನ್ನು ಒಂದು ಸಲವೂ ಸಹಾಯ ಕೇಳಲಿಲ್ಲ. ಸಿಟ್ಟು ಬಂದಾಗ, "ಇವತ್ತಿಗೆ ಸಾಕು" ಎಂದು ಗವಸು ಬಿಚ್ಚಿ ಎಸೆಯುತ್ತಿದ್ದರು, ಅಷ್ಟೇ. ಆ ಸಿಟ್ಟಿನ ದಿನಗಳೇ ಜಾಸ್ತಿಯಾಗತೊಡಗಿದವು.

ಹಾಗೊಂದು ಬೆಳಿಗ್ಗೆ ಮಾಸ್ಟರು ಅಂಗಡಿಯಲ್ಲಿ ಕೂತು ಗುಂಡಿಗಳನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾಕುತ್ತಿದ್ದರು. ಅದೇ ಅವರ ಪಾಠ. ಹಿಡಿದ ಗುಂಡಿ ಮತ್ತೆ ಮತ್ತೆ ಜಾರಿತು.

"ಆಗಲ್ಲ ಬಿಡಿ. ನಾಳೆ ನೋಡೋಣ" ಎಂದರು.

ನಾದಿನಿಗೆ ತಡೆಯಲಾಗಲಿಲ್ಲ. "ನಾಳೆ ನಾಳೆ ಅಂತ ಕೂತ್ಕೊ ಅಣ್ಣ. ಒಂದನೇ ತಾರೀಖು ಆ ಕಟ್ಟರ್ ಬಂದು ನಿನ್ನ ಮೇಜಿನ ಮುಂದೆ ನಿಂತ್ಕೋತಾನೆ, ಆಮೇಲೆ ದಿನಾ ನಾಳೇನೇ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ? ಅತ್ತಿಗೆಯ ಕಾಲಡಿಯ ಮಿಷನ್ ನಿಂತಿತು. ಮಾಸ್ಟರು ಒಮ್ಮೆ ತಂಗಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದರು. ಗವಸು ತೊಟ್ಟ ಎಡಗೈಯನ್ನು ಮೇಜಿನ ಮೇಲೆ ಬೀಸಿದರು. ಡಬ್ಬಿ ಹಾರಿ ಬಿದ್ದು ಗುಂಡಿಗಳು ಅಂಗಡಿಯ ತುಂಬ ಉರುಳಿದವು.

"ನಿಜವೇನೇ ಇದು?"

"ನಿಜ."

"ನನ್ನನ್ನ ಒಂದು ಮಾತೂ ಕೇಳ್ದೆ?"

"ಕೇಳಿದ್ರೆ ನೀವು ಬೇಡ ಅಂತ ಜಗಳ ಆಡ್ತಿದ್ರಾ? ಇಲ್ಲ. ಹೂಂ ಅಂದುಬಿಡ್ತಿದ್ರಿ" ಎಂದಳು ಅತ್ತಿಗೆ. "ಆ ಹೂಂ ಕೇಳೋಕೆ ನನಗೆ ಧೈರ್ಯ ಇರ್ಲಿಲ್ಲ ರೀ."

ಮಾಸ್ಟರು ಗವಸಿನ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಎಳೆದರು. ಬಿಟ್ಟ ಎಡಗೈಯಲ್ಲಿ ಮೇಜಿನ ಕಾಲು ಹಿಡಿದು ಮೆಲ್ಲಮೆಲ್ಲಗೆ ನೆಲಕ್ಕೆ ಇಳಿದು ಕೂತರು. ಅತ್ತಿಗೆ ಬಿದ್ದರೆ ಹಿಡಿಯಲೆಂದು ಎದ್ದು ಹತ್ತಿರ ನಿಂತಳು, ಮುಟ್ಟಲಿಲ್ಲ. ಮಾಸ್ಟರು ಗವಸನ್ನು ಮತ್ತೆ ತೊಟ್ಟು, ಹಲ್ಲಿನಿಂದಲೇ ಪಟ್ಟಿ ಬಿಗಿದರು. ಬಲಗೈ ಚಾಚಿ, ಹತ್ತಿರವಿದ್ದ ಒಂದು ಗುಂಡಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿಯಲು ಹೊರಟರು. ಜಾರಿತು. ಮತ್ತೆ ಹಿಡಿದರು. ಡಬ್ಬಿಯಲ್ಲಿ ಠಣ್ ಎಂದಿತು.

ಅವತ್ತು ಬಂದ ಗಿರಾಕಿಗಳು ಮಾಸ್ಟರು ನೆಲದ ಮೇಲೆ ಅಂಬೆಗಾಲಿಡುವ ಮಗುವಿನಂತೆ ಸರಿಯುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತರು. ಒಬ್ಬಾತ ಬಗ್ಗಿ ಗುಂಡಿ ಹೆಕ್ಕಿಕೊಡಲು ಹೊರಟ. ನಾದಿನಿ ಗದರಿಸಿದಳು. ಮಿಷನ್ನಿನ ಕೆಳಗೆ ಹೋಗಿದ್ದ ಕಡೆಯ ಗುಂಡಿಯೂ ಡಬ್ಬಿಗೆ ಬೀಳುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಮಾಸ್ಟರು ಬೆವರಿ ತೊಪ್ಪೆಯಾಗಿದ್ದರು.

"ಬರ್ಲಿ ಬಿಡು ಅವನು" ಎಂದರು ಹೆಂಡತಿಗೆ. "ಬಂದಾಗ ನಾನೂ ಇಲ್ಲೇ ಇರ್ತೀನಿ."

ಅಲ್ಲಿಂದ ಮುಂದೆ ಗವಸು ಎಸೆಯುವುದು ನಿಂತಿತು. ಬೆಳಿಗ್ಗೆ ಎದ್ದವರೇ, "ಎಲ್ಲಿ ಗವಸು?" ಎಂದು ಕೇಳುತ್ತಿದ್ದರು. ಕೈಡಾಕ್ಟರಮ್ಮ ಚೆಂಡನ್ನು ಚೀಲದಲ್ಲೇ ಬಿಟ್ಟು, ಅಂಗಡಿಯ ಸಾಮಾನನ್ನೇ ಪಾಠಕ್ಕೆ ತೆಗೆದುಕೊಂಡಳು. ಟೇಪು ಸುತ್ತುವುದು, ಸೀಮೆಸುಣ್ಣ ಹಿಡಿದು ಹಳೇ ಬಟ್ಟೆಯ ಮೇಲೆ ಗೆರೆ ಎಳೆಯುವುದು, ಚಿಕ್ಕ ಕತ್ತರಿಯಲ್ಲಿ ಕಾಗದ ಕತ್ತರಿಸುವುದು. ಗೆರೆಗಳು ಮೊದಲು ಕುಡಿದವನ ನಡಿಗೆಯಂತಿದ್ದವು. ಆಮೇಲೆ ಸ್ವಲ್ಪ ಕುಡಿದವನಂತಾದವು. ಅಂಗಿಯ ಗುಂಡಿಗಳು ಚಿಕ್ಕದಾಗುತ್ತ ಬಂದವು. ಎಲ್ಲ ದಿನವೂ ಮುಂದಕ್ಕೇ ಹೋಗಲಿಲ್ಲ. ಕೆಲವು ದಿನ ಹಿಂದಿನ ದಿನ ಬಂದದ್ದೂ ಮರೆತುಹೋಗುತ್ತಿತ್ತು, ಆಗ ಮಾಸ್ಟರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಅತ್ತಿಗೆ ಪಕ್ಕದಲ್ಲಿ ಕೂತು ಏನೂ ಹೇಳದೆ ಇರುವುದನ್ನು ಕಲಿತಳು.

"ಪೂರ್ತಿ ಮೊದಲಿನ ಹಾಗೆ ಆಗುತ್ತಾ?" ಎಂದು ಒಮ್ಮೆ ಬಾಗಿಲವರೆಗೆ ಬಂದು ಕೇಳಿದಳು.

"ಸುಳ್ಳು ಹೇಳಲ್ಲ ಅಮ್ಮ, ನನಗೆ ಗೊತ್ತಿಲ್ಲ" ಎಂದಳು ಕೈಡಾಕ್ಟರಮ್ಮ ಚಪ್ಪಲಿ ಮೆಟ್ಟುತ್ತ. "ನಿನ್ನೆಗಿಂತ ಚೆನ್ನಾಗಿದೆಯಾ ಅಂತ ಮಾತ್ರ ನೋಡ್ತೀನಿ."

ಒಂದನೇ ತಾರೀಖು ಬಂದೇ ಬಂತು. ಅವತ್ತು ಬೆಳಿಗ್ಗೆ ಮಾಸ್ಟರು ಬೀರುವಿನಿಂದ ಹಳೆಯ ಅಂಗಿಯೊಂದನ್ನು ತೆಗೆದುಕೊಂಡರು. ನಾದಿನಿ ಕಾಜ ಕಿರಿದು ಮಾಡಿ ಮೊದಲಿನ ಚಿಕ್ಕ ಗುಂಡಿಗಳನ್ನೇ ಮತ್ತೆ ಹಚ್ಚಿದ್ದ ಅಂಗಿ. ಒಳಗೆ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಏನೋ ಮಾಡಿದರು. ಹೊರಗೆ ಬಂದಾಗ ಅತ್ತಿಗೆಯ ಕಣ್ಣು ಅಂಗಿಯ ಮೇಲೆಯೇ ಹೋಯಿತು. ಗುಂಡಿಗಳನ್ನು ಹಾಕಿದ್ದರು, ತಾವೇ ಹಾಕಿದ್ದರು. ಆದರೆ ಮೊದಲಿನಿಂದಲೇ ಒಂದು ಕಾಜ ತಪ್ಪಿ, ಕೆಳಗಿನವರೆಗೂ ಎಲ್ಲವೂ ತಪ್ಪಿತ್ತು. ಅಂಗಿಯ ಒಂದು ಅಂಚು ಮೇಲೆ, ಒಂದು ಅಂಚು ಕೆಳಗೆ. ಕತ್ತಿನ ಗುಂಡಿ ಬಿಚ್ಚಿಯೇ ಇತ್ತು.

ಬೀದಿಯಲ್ಲಿ ಯಾರದ್ದಾದರೂ ಕಾಲರು ಮಡಚಿದ್ದರೆ ನಿಲ್ಲಿಸಿ ಸರಿಮಾಡುವ ಹೆಂಗಸು ಅತ್ತಿಗೆ. ಅವಳು ತುಟಿ ಕಚ್ಚಿ, ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ನಾದಿನಿ ಬಾಯಿ ತೆರೆದಳು. ಅತ್ತಿಗೆಯ ಕಣ್ಣು ನೋಡಿ ಮುಚ್ಚಿದಳು. ಅಷ್ಟರ ಮಟ್ಟಿಗೆ ಅವಳ ಬಾಯಿಗೂ ಗುಂಡಿ ಬಿತ್ತು.

ಕಟ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಬಟ್ಟೆಯಲ್ಲಿ ಸುತ್ತಿದ ಕತ್ತರಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಮಾಸ್ಟರು ಮೇಜಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತಿರುವುದನ್ನು ಕಂಡು ಮುಜುಗರಪಟ್ಟ. ಚೆನ್ನಾಗಿದ್ದೀರಾ ಎಂದ. ಅಂಗಿಯ ಮೇಲೆ ಕಣ್ಣು ಬಿತ್ತು. ಅವನ ಮುಖದಲ್ಲಿ ಮೂಡಿದ್ದು ಕರುಣೆಯೇ, ಬೇರೇನೂ ಅಲ್ಲ.

"ಮಾಸ್ಟ್ರೇ, ಒಂದ್ನಿಮಿಷ, ಗುಂಡಿ ತಪ್ಪಿದೆ" ಎನ್ನುತ್ತ ಮೇಜಿನ ಮೇಲಿಂದ ಬಾಗಿ ಅಂಗಿಗೆ ಕೈ ಹಾಕಲು ಹೋದ.

"ಮುಟ್ಬೇಡಿ!"

ಅತ್ತಿಗೆ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಆ ಬೀದಿ ಎಂದೂ ಕೇಳಿರಲಿಲ್ಲ. ಕಟ್ಟರ್ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಅತ್ತಿಗೆ ಮಿಷನ್ ಬಿಟ್ಟು ಎದ್ದು ನಿಂತಿದ್ದಳು.

"ತಪ್ಪು ತಿಳ್ಕೋಬೇಡಿ ಅಣ್ಣ" ಎಂದಳು ದನಿ ತಗ್ಗಿಸಿ. "ಅವರಿನ್ನೂ ಕೇಳಿಲ್ಲ."

ಮಾಸ್ಟರು ತಲೆ ಬಗ್ಗಿಸಿ ಅಂಗಿ ನೋಡಿಕೊಂಡರು. ಒಂದು ಕ್ಷಣ ಮುಖ ಕೆಂಪಾಯಿತು. ಆಮೇಲೆ ನಗು ಬಂತು, ಹೊಟ್ಟೆಯೊಳಗಿನಿಂದ ಬಂತು. "ಬೇರೆಯೋರ ಅಂಗಿಯಾಗಿದ್ರೆ ನಾನೇ ಬೈತಿದ್ದೆ" ಎಂದರು. ಮೇಲಿನಿಂದ ಒಂದೊಂದೇ ಗುಂಡಿ ಬಿಚ್ಚಿದರು. ಎಡಗೈಯಲ್ಲಿ ಕಾಜದ ಅಂಚು ಹಿಡಿದು, ಬಲಗೈಯಲ್ಲಿ ಗುಂಡಿ ತೂರುತ್ತ ಮತ್ತೆ ಮೊದಲಿನಿಂದ ಶುರು ಮಾಡಿದರು. ನಾದಿನಿ ಕಟ್ಟರಿಗೆ ತಂದುಕೊಟ್ಟ ಚಹಾ ಅವನ ಕೈಯಲ್ಲೇ ಆರಿಹೋಯಿತು. ಅವನು ಕುಡಿಯುವುದನ್ನು ಮರೆತು ನೋಡುತ್ತಿದ್ದ. ಹೊಟ್ಟೆಯ ಮೇಲಿನ ಕಡೆಯ ಗುಂಡಿ ಕೂತಾಗ ಅಂಚು ಎರಡೂ ಸಮವಾಗಿದ್ದವು. ಕತ್ತಿನದೊಂದು ಮಾತ್ರ ಬಿಚ್ಚಿಯೇ ಇತ್ತು.

ಮಾಸ್ಟರು ಮೇಜಿನ ತುದಿಯ ದುಪ್ಪಟಿ ಸರಿಸಿದರು. ಬಲತೋಳಿನ ಬಟ್ಟೆಯ ಮೇಲೆ ಹಳೆಯ ಸೀಮೆಸುಣ್ಣದ ಗೆರೆ ಮಾಸಿತ್ತು. ಹೊಸ ಸೀಮೆಸುಣ್ಣ ತೆಗೆದು ಅದರ ಮೇಲೆಯೇ ನಿಧಾನವಾಗಿ ಎಳೆದರು. ಒಂದು ಕಡೆ ವಾಲಿತು, ಒರೆಸಿ ಮತ್ತೆ ಎಳೆದರು. ದೊಡ್ಡ ಕತ್ತರಿಯ ಕೆಳಗಿನ ಅಲಗನ್ನು ಮೇಜಿಗೆ ಒರಗಿಸಿ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿಯೊಳಗೆ ಹೊಗಿಸಿದರು. ಎಡಗೈ ಬಟ್ಟೆಯ ಮೇಲೆ ಕೂತಿತು.

ಕಚಕ್.

ಅತ್ತಿಗೆಗೆ ಆ ಸದ್ದು ಕೇಳಿ ಕಣ್ಣು ತುಂಬಿತು. ಮುಂದೆ ಏನೂ ಸರಿಯಾಗಿ ಕಾಣಲಿಲ್ಲ, ಕೇಳುತ್ತ ನಿಂತಳು. ಒಂದು ಕಚಕ್, ನಡುವೆ ಉದ್ದನೆಯ ಬಿಡುವು, ಇನ್ನೊಂದು ಕಚಕ್. ಮೊಣಕೈಯ ತನಕ ಬಂದು ಕತ್ತರಿ ನಿಂತಿತು. ಬೆರಳುಗಳು ಬಿಳಿಚಿಕೊಂಡು ನಡುಗುತ್ತಿದ್ದವು.

"ಉಳಿದದ್ದು ನಾಳೆ" ಎಂದರು ಮಾಸ್ಟರು.

ಈ ಸಲದ ನಾಳೆಗೆ ನಾದಿನಿ ಏನೂ ಅನ್ನಲಿಲ್ಲ. ಕಟ್ಟರ್ ಬಗ್ಗಿ ಕತ್ತರಿಸಿದ ಅಂಚನ್ನು ನೋಡಿದ. ಎರಡು ಕಡೆ ಹಲ್ಲು ಬಿದ್ದ ಹಾಗೆ ಇತ್ತು, ಆದರೆ ಗೆರೆಯ ಹೊರಗೇ ಬಿದ್ದಿತ್ತು, ಹೊಲಿಗೆಯೊಳಗೆ ಮುಚ್ಚಿಹೋಗುವಂಥದು. ಅವನು ಬಟ್ಟೆಯಲ್ಲಿ ಸುತ್ತಿದ ತನ್ನ ಕತ್ತರಿಯನ್ನು ಬಿಚ್ಚದೆ ಕಂಕುಳಲ್ಲಿ ಇಟ್ಟುಕೊಂಡ.

"ಅಕ್ಕ, ನಾನು ಹೊರಡ್ತೀನಿ. ಇಲ್ಲಿ ಜಾಗ ಖಾಲಿ ಇಲ್ಲ."

"ಈ ಮೇಜು ಖಾಲಿ ಇಲ್ಲ" ಎಂದಳು ಅತ್ತಿಗೆ. "ಕೆಲಸ ಬೇಕಾದಷ್ಟಿದೆ. ಆ ಕಿಟಕಿ ಪಕ್ಕ ಇನ್ನೊಂದು ಮೇಜು ಹಾಕ್ಸಿದ್ರೆ ಆಗುತ್ತಾ?"

ಕಟ್ಟರ್ ಮಾಸ್ಟರ ಕಡೆ ನೋಡಿದ. "ಬೆಳಕು ಚೆನ್ನಾಗಿ ಬರುತ್ತೆ ಅಲ್ಲಿ" ಎಂದರು ಮಾಸ್ಟರು. ಅಷ್ಟರಲ್ಲಿ ಕಿಟಕಿಯಾಚೆ ಬೀದಿ ದಾಟುತ್ತಿದ್ದ ವಕೀಲರು ಅವರ ಕಣ್ಣಿಗೆ ಬಿದ್ದರು. ಅಂಗಡಿಗೇ ಬರುತ್ತಿದ್ದರು. ಮಾಸ್ಟರು ಗಡಿಬಿಡಿಯಿಂದ ನೆಟ್ಟಗೆ ಕೂತು, ಬಲಗೈಯನ್ನು ಕತ್ತಿನ ಗುಂಡಿಗೆ ಒಯ್ದರು. ದಣಿದ ಕೈ ಅರ್ಧದಲ್ಲೇ ಇಳಿಯಿತು. ಇನ್ನೊಮ್ಮೆ ಎತ್ತಿದರು. ಬೆರಳಿಗೆ ಗುಂಡಿ ಸಿಕ್ಕಿತು, ಕಾಜ ಸಿಗಲಿಲ್ಲ.

"ಬಾರೇ ಇಲ್ಲಿ" ಎಂದರು ಹೆಂಡತಿಗೆ. "ಗಿರಾಕಿ ಬರ್ತಿದ್ದಾರೆ. ಇದೊಂದು ಆಗ್ತಿಲ್ಲ, ನೀನು ಹಾಕು."

ಅತ್ತಿಗೆ ಸೆರಗಿನಿಂದ ಕೈ ಬಿಡಿಸಿಕೊಂಡು ಬಂದಳು. ಲೆಕ್ಕವಿಲ್ಲದಷ್ಟು ಅಂಗಿ ಹೊಲಿದ ಕೈ ಅದು. ಗಂಡನ ಕತ್ತಿನ ಬಳಿ ಆ ಚಿಕ್ಕ ಗುಂಡಿಯನ್ನು ಹಿಡಿದಾಗ ಬೆರಳುಗಳು ನಡುಗಿ, ಗುಂಡಿ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಹೊಸ್ತಿಲ ಮೇಲೆ ವಕೀಲರ ಹೆಜ್ಜೆಯ ಸದ್ದು ಕೇಳಿತು.

"ನಿಧಾನಕ್ಕೆ ಮಾಡು" ಎಂದರು ಮಾಸ್ಟರು. "ಅವರಿಗೇನೂ ಆತುರ ಇಲ್ಲ."